ಚರಗದ ಬುತ್ತಿ

ಮಳೆರಾಯನು ಹಸ್ತ-ಚಿತ್ತೆಗಳ ಕಡೆಯ ಹನಿಗಳನ್ನು ಸುರಿಸಿ ಹಿಂದೆಗೆಯುತ್ತಲೆ ಕನ್ನಡ ನಾಡಿನ ಬಯಲಿಗೆ ಬೇರೊಂದು ಕಳೆ ಬರುತ್ತದೆ. ಆಕಾಶವು ತೊಳೆದಿಟ್ಟಂತೆ ತಿಳಿಯಾಗುತ್ತದೆ. ಕೆರೆಗಳ ಕದಡಿದ ನೀರು ನೆಲೆಗೊಂಡು ತಳವು ಕಾಣಹತ್ತುತ್ತದೆ. ಬದುವಿನ ಹುಲ್ಲು ಎದೆಮಟ್ಟಕ್ಕೆ ಬೆಳೆದು ಮುಂಜಾವಿನ ಇಬ್ಬನಿಯ ಭಾರಕ್ಕೆ ಬಾಗುತ್ತದೆ. ಆಶ್ವಿನ-ಕಾರ್ತಿಕಗಳೆಂಬ ಈ ಎರಡು ತಿಂಗಳನ್ನು ನಮ್ಮ ಹಿರಿಯರು ಶರದೃತುವೆಂದು ಕರೆದರು. ಬಿಸಿಲು ಬೇಸಗೆಯಂತೆ ಸುಡುವದಿಲ್ಲ, ಚಳಿಯು ಮಾಗಿಯಂತೆ ಕೊರೆಯುವದಿಲ್ಲ, ಹಾದಿಯಲ್ಲಿ ಮಳೆಗಾಲದ ರಾಡಿಯಿಲ್ಲ. ಮನೆ ಬಿಟ್ಟು ಒಂದು ದಿನ ಹೊರಗೆ ಹೋಗಿ ಬರಲು ಇದಕ್ಕಿಂತ ಒಳ್ಳೆಯ ಕಾಲವು ವರ್ಷದಲ್ಲಿ ಮತ್ತೊಂದಿಲ್ಲ.

ಇದನ್ನು ಶಹರವಾಸಿಗಳೂ ಅರಿತಿದ್ದಾರೆ. ರವಿವಾರ ಬಂದಿತೆಂದರೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಿಂದ ಮೋಟಾರುಗಳು ಹಳ್ಳಿಯ ಹಾದಿಯನ್ನು ಹಿಡಿಯುತ್ತವೆ. ಸೂರ್ಯಕಾಂತಿಯ ಹೊಲ ಕಂಡಲ್ಲಿ ಗಾಡಿಯನ್ನು ನಿಲ್ಲಿಸುವದು, ಬೆಳೆಯ ನಡುವೆ ನುಗ್ಗಿ ಛಾಯಾಚಿತ್ರ ತೆಗೆದುಕೊಳ್ಳುವದು, ಗಿಡದ ನೆರಳಲ್ಲಿ ತಂದುದನ್ನು ತಿಂದು ಕಾಗದ-ಪೊಟ್ಟಣಗಳನ್ನು ಅಲ್ಲಿಯೇ ಬಿಟ್ಟು ಸಂಜೆಗೆ ಮರಳುವದು. ಇಷ್ಟರಲ್ಲಿ ಪ್ರವಾಸವು ಮುಗಿಯುತ್ತದೆ. ಇಂಥ ಹೊರಡುವಿಕೆಯನ್ನು ನಾವು ಹಳಿಯುವದಿಲ್ಲ. ನಾಲ್ಕು ಗೋಡೆಗಳ ನಡುವೆ ಆರು ದಿನ ದುಡಿದವನು ಏಳನೆಯ ದಿನ ಬಯಲ ಗಾಳಿಯನ್ನು ಬಯಸಿದರೆ ಅದು ಸಹಜವೇ ಸರಿ. ಆದರೆ ಒಂದು ಪ್ರಶ್ನೆಯನ್ನು ವಾಚಕರ ಮುಂದಿಡಬೇಕಾಗಿದೆ. ನಮ್ಮ ತುತ್ತಿಗೆ ಕಾರಣವಾದ ಭೂಮಿಯ ಬಳಿಗೆ ನಾವು ಹೋಗುವದು ನೆಂಟರಾಗಿಯೋ, ತಮಾಷೆ ನೋಡುವವರಾಗಿಯೋ?

ಹೊಲಕ್ಕೆ ಹೇಗೆ ಹೋಗಬೇಕೆಂಬದನ್ನು ನಮ್ಮ ಜನರು ಹೊರಗಿನವರಿಂದ ಕಲಿಯಬೇಕಾಗಿಲ್ಲ. ಪಂಚಾಂಗದಲ್ಲಿಯೇ ಅದಕ್ಕೊಂದು ದಿನವನ್ನು ಇಟ್ಟು, ಅದರ ರೀತಿ-ನೀತಿಗಳನ್ನೂ ಗೊತ್ತುಪಡಿಸಿ ಹಿರಿಯರು ಹೋಗಿದ್ದಾರೆ.

ಸೀಗಿ ಹುಣ್ಣಿಮೆ

ಆಶ್ವಿನ ಶುದ್ಧ ಹುಣ್ಣಿಮೆಯನ್ನು ಉತ್ತರ ಕರ್ನಾಟಕದಲ್ಲಿ ಸೀಗಿ ಹುಣ್ಣಿಮೆಯೆಂದು ಕರೆಯುವರು. ದಸರೆಯ ಬನ್ನಿಯನ್ನು ಕೊಟ್ಟು ಕೊಂಡು ಐದು ದಿನಗಳಾಗಿರುತ್ತವೆ. ನವರಾತ್ರಿಯಲ್ಲಿ ಘಟದ ಸುತ್ತಲಿನ ಮಣ್ಣಿನಲ್ಲಿ ಮೊಳೆಯಿಸಿದ ಸಸಿಗಳ ನೆನಪು ಮನೆಯಲ್ಲಿ ಇನ್ನೂ ಹಸಿಯಾಗಿರುತ್ತದೆ. ಹೊಲದಲ್ಲಿ ಮುಂಗಾರಿ ಬೆಳೆಗಳು ತುಂಬಿ ನಿಂತಿರುತ್ತವೆ. ಕಾಳು ತುಂಬುತ್ತಿರುವ ಪೈರನ್ನು ನಮ್ಮ ರೈತನು ಬಸುರಿ ಹೆಂಗಸಿನಂತೆ ಕಾಣುತ್ತಾನೆ. ತುಂಬಿದ ಬಸುರಿಗೆ ಬಯಕೆಯೂಟವನ್ನು ಉಣಿಸಬೇಡವೆ? ಅದಕ್ಕಾಗಿಯೇ ಈ ಹಬ್ಬ.

ನಸುಕಿನಲ್ಲಿಯೇ ಮನೆಯ ಹೆಣ್ಣುಮಕ್ಕಳು ಎದ್ದು ಅಡಿಗೆಗೆ ತೊಡಗುತ್ತಾರೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಹೂರಣದ ಹೋಳಿಗೆ, ಕರಿಗಡಬು, ಎಣ್ಣೆಗಾಯಿ ಬದನೆ, ಪುಂಡಿಪಲ್ಲೆ, ಕಾಳುಪಲ್ಲೆ, ಗುರೆಳ್ಳು-ಶೇಂಗಾಗಳ ಹಿಂಡಿ, ಮೊಸರು ಕಲಸಿದ ಬುತ್ತಿ. ಇವೆಲ್ಲವೂ ಬುಟ್ಟಿ ಸೇರುತ್ತವೆ. ಎತ್ತುಗಳ ಮೈ ತೊಳೆದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಚಕ್ಕಡಿ ಹೂಡಿ ಮನೆಮಂದಿಯೆಲ್ಲ ಹೊಲಕ್ಕೆ ಹೊರಡುವದು ವಾಡಿಕೆ. ಇಂದು ಎಷ್ಟೋ ಊರುಗಳಲ್ಲಿ ಚಕ್ಕಡಿಯ ಸ್ಥಳವನ್ನು ಟ್ರ್ಯಾಕ್ಟರು ಹಿಡಿದಿದೆ. ಆದರೂ ಹೊರಡುವ ಸಡಗರವು ಹಿಂದಿನದೇ. ಹೊಲದಲ್ಲಿ ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನು ನಿಲ್ಲಿಸಿ, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ, ಭೂತಾಯಿಗೆ ಉಡಿ ತುಂಬುತ್ತಾರೆ. ಆ ಮೇಲೆ ಬುತ್ತಿಯೊಳಗಿನ ಎಲ್ಲ ಪದಾರ್ಥಗಳಿಂದಲೂ ಒಂದಿಷ್ಟನ್ನು ಕೂಡಿಸಿ ಹೊಲದ ತುಂಬ ಚೆಲ್ಲುತ್ತಾರೆ. ಇದೇ ಚರಗ. ಚರಗವನ್ನು ಚೆಲ್ಲದೆ ಯಾರೂ ಊಟಕ್ಕೆ ಕೂಡ್ರುವದಿಲ್ಲ.

ವಿಚಾರವಂತರು ಈ ಪದ್ಧತಿಯ ಅರ್ಥವನ್ನು ತುಸು ಯೋಚಿಸಬೇಕು. ಚೆಲ್ಲಿದ ಅನ್ನವನ್ನು ಉಣ್ಣುವವರು ಯಾರು? ಹಕ್ಕಿ, ಇರುವೆ, ಇಲಿ, ಹುಳ. ಹೊಲದಲ್ಲಿ ತನಗಷ್ಟೇ ಹಕ್ಕಿಲ್ಲ, ತನ್ನ ಬೆಳೆಗೆ ಕೇಡು ಮಾಡುವ ಇಲಿಗೂ ಅಲ್ಲಿ ಒಂದು ಪಾಲುಂಟೆಂದು ರೈತನು ವರ್ಷಕ್ಕೊಮ್ಮೆ ತನ್ನ ಕೈಯಿಂದಲೇ ಒಪ್ಪಿಕೊಳ್ಳುತ್ತಾನೆ. ಕೊಯ್ಯುವ ಮೊದಲು ಕೊಡಬೇಕು, ಉಣ್ಣುವ ಮೊದಲು ಉಣಿಸಬೇಕು. ಒಂದು ದಿನದ ಹೊರಸಂಚಾರದಲ್ಲಿ ಇಷ್ಟು ದೊಡ್ಡ ಪಾಠವನ್ನು ಅಡಗಿಸಿಟ್ಟವರ ಬುದ್ಧಿಯನ್ನು ಎಷ್ಟು ಕೊಂಡಾಡಿದರೂ ಕಡಿಮೆಯೆ.

ಈ ಭಾವನೆಯು ಧಾರವಾಡ ಸೀಮೆಯೊಂದಕ್ಕೇ ಮೀಸಲಾದದ್ದಲ್ಲ. ಇದೇ ಹುಣ್ಣಿಮೆಯಂದು ಮಲೆನಾಡಿನ ಸಾಗರ, ಸೊರಬ, ಸಿದ್ದಾಪುರಗಳ ಕಡೆಗೆ ಭೂಮಿ ಹುಣ್ಣಿಮೆಯು ನಡೆಯುತ್ತದೆ. ಅಲ್ಲಿಯ ದೀವರ ಹೆಣ್ಣುಮಕ್ಕಳು ಬುಟ್ಟಿಗಳಿಗೆ ಕೆಮ್ಮಣ್ಣು ಬಳಿದು, ಅಕ್ಕಿಯ ಹಿಟ್ಟಿನ ಬಿಳಿಯ ಗೆರೆಗಳಿಂದ ಚಿತ್ತಾರವನ್ನು ಬರೆಯುತ್ತಾರೆ. ಭೂಮಣ್ಣಿ ಬುಟ್ಟಿಯೆಂದು ಅದರ ಹೆಸರು. ಬಗೆಬಗೆಯ ಸೊಪ್ಪು-ಕುಡಿಗಳನ್ನು ಬೇಯಿಸಿ, ಆ ಬುಟ್ಟಿಯಲ್ಲಿಟ್ಟು, ಬೆಳಕು ಹರಿಯುವ ಹೊತ್ತಿಗೆ ಗದ್ದೆಗೊಯ್ದು ಬತ್ತದ ಪೈರಿಗೆ ಬಯಕೆಯನ್ನು ಉಣಿಸುತ್ತಾರೆ. ಮಂಗಳೂರಿನ ಕಡೆಯ ಕ್ರೈಸ್ತರು ಸಪ್ಟಂಬರ 8ರಂದು ಮೇರಿಯಮ್ಮನ ಜನ್ಮದಿನವನ್ನು ಆಚರಿಸುವಾಗ ಹೊಸ ತೆನೆಯನ್ನು ಇಗರ್ಜಿಯಲ್ಲಿ ಹರಸಿಕೊಂಡು ಮನೆಗೆ ತಂದು ಹೊಸ ಊಟವನ್ನು ಕುಟುಂಬವೆಲ್ಲ ಕೂಡಿ ಉಣ್ಣುತ್ತಾರೆ. ಕೊಡಗಿನಲ್ಲಿ ಪುತ್ತರಿಯ ರಾತ್ರಿ, ಗೊತ್ತಾದ ಮುಹೂರ್ತಕ್ಕೆ ಗದ್ದೆಗಿಳಿದು, ಗುಂಡು ಹಾರಿಸಿ, ಮೊದಲ ತೆನೆಯನ್ನು ಕೊಯ್ದು ‘ಪೊಲಿ’, ಎಂದರೆ ಹೆಚ್ಚಲಿ, ಎಂದು ಕೂಗುತ್ತಾರೆ. ಕಲಬುರಗಿ, ಬೀದರ, ವಿಜಯಪುರಗಳಲ್ಲಿ ಹಿಂಗಾರಿ ಜೋಳವು ಹೊಲದಲ್ಲಿ ನಿಂತಿರುವಾಗ ಎಳ್ಳಮಾವಾಸ್ಯೆಯಂದು ಊರಿಗೆ ಊರೇ ಹೊಲದಲ್ಲಿ ಉಣ್ಣುತ್ತದೆ. ಮತ, ಜಾತಿ, ಸೀಮೆಗಳು ಬೇರೆ ಬೇರೆಯಾದರೂ ಬೆಳೆಯ ಮುಂದೆ ಕೈಮುಗಿದು ನಿಲ್ಲುವ ರೀತಿಯು ಎಲ್ಲೆಲ್ಲಿಯೂ ಒಂದೇ.

ಎರಡು ಸೀಮೆಗಳ ನಡುವೆ

ಶರತ್ಕಾಲದಲ್ಲಿ ಒಂದು ದಿನದ ಮಟ್ಟಿಗೆ ತಿರುಗಾಡಿ ಬರುವವರಿಗೆ ಧಾರವಾಡದಂಥ ಅನುಕೂಲವಾದ ಊರು ಅಪರೂಪ. ಅದು ಎರಡು ಸೀಮೆಗಳ ಗಡಿಯ ಮೇಲೆ ಕುಳಿತಿದೆ. ಪಡುವಣಕ್ಕೆ ಹೊರಟರೆ ಕಲಘಟಗಿ, ಅಳ್ನಾವರ, ಹಳಿಯಾಳಗಳು. ಕೆಂಪು ಮಣ್ಣು, ಕೆರೆಗಳು, ಕುರುಚಲು ಕಾಡು, ಬತ್ತ. ಈ ಭಾಗದಲ್ಲಿ ಬತ್ತವನ್ನು ನಾಟಿ ಮಾಡದೆ ಮುಂಗಾರಿನ ಮೊದಲಿಗೇ ಕೂರಿಗೆಯಿಂದ ಒಣಭೂಮಿಯಲ್ಲಿ ಬಿತ್ತುವ ರೂಢಿಯುಂಟು. ಗದ್ದೆಯೆಂದರೆ ನೀರು ನಿಂತ ಕೆಸರೆಂದೇ ತಿಳಿದವರಿಗೆ ಇದು ಹೊಸ ನೋಟ. ಮೂಡಣಕ್ಕೆ ಹೊರಟರೆ ನವಲಗುಂದ, ಅಣ್ಣಿಗೇರಿ, ಗದಗು. ಕಣ್ಣು ಹಾಯುವಷ್ಟು ದೂರ ಎರೆಯ ಬಯಲು.

ಈ ಎರೆಭೂಮಿಯ ಗುಣವನ್ನು ಅರಿಯದವನಿಗೆ ಶರತ್ಕಾಲದ ಹೊಲವು ಅರ್ಥವಾಗದು. ಕರಿಯ ಮಣ್ಣು ಮಳೆಯ ನೀರನ್ನು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಬಿರಿದು ಬಾಯಿ ಬಿಡುತ್ತದೆ. ಕುಡಿದ ನೀರನ್ನು ಅದು ತಿಂಗಳುಗಟ್ಟಲೆ ಒಡಲಲ್ಲಿಟ್ಟುಕೊಳ್ಳುತ್ತದೆ. ಆದುದರಿಂದಲೇ ಮಳೆ ನಿಂತ ಮೇಲೆ ಬಿತ್ತಿದ ಬಿಳಿಜೋಳ, ಗೋಧಿ, ಕಡಲೆ, ಕುಸುಬೆಗಳು ಮತ್ತೆ ಮಳೆಯನ್ನು ಹೆಚ್ಚು ಬಯಸದೆ ನೆಲದ ತೇವದಿಂದಲೇ ಬೆಳೆದು ಬರುತ್ತವೆ. ಇದರ ಪರಿಣಾಮವಾಗಿ ಬೇರೆ ಕಡೆಗೆ ಕಾಣಸಿಗದ ಒಂದು ನೋಟವನ್ನು ಆಶ್ವಿನ ಮಾಸದಲ್ಲಿ ಇಲ್ಲಿ ಕಾಣಬಹುದು. ಒಂದು ಹೊಲದಲ್ಲಿ ಮುಂಗಾರಿ ಪೀಕಿನ ಕೊಯ್ಲು. ಬದುವಿನಾಚೆಯ ಹೊಲದಲ್ಲಿ ಹಿಂಗಾರಿಯ ಬಿತ್ತಿಗೆ. ಇಲ್ಲಿ ಕುಡಗೋಲು, ಅಲ್ಲಿ ಕೂರಿಗೆ. ಮುಗಿಯುವದೂ ತೊಡಗುವದೂ ಒಂದೇ ದಿನ, ಒಂದೇ ಬಯಲಿನಲ್ಲಿ.

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರೈಲುಗಾಡಿಯಲ್ಲಿ ಕುಳಿತರೆ ಈ ಬಯಲಿನ ನಟ್ಟನಡುವೆ ಅಣ್ಣಿಗೇರಿ ಸಿಕ್ಕುತ್ತದೆ. ಆದಿಕವಿ ಪಂಪನ ಊರೆಂದು ಪ್ರಸಿದ್ಧವಾದ ಆ ಸ್ಥಳದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯವಿದೆ. ಗದಗಿನಿಂದ ಸುಮಾರು 12 ಕಿ.ಮೀ. ಮುಂದೆ ಹೋದರೆ ಲಕ್ಕುಂಡಿ; ಅಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ಆ ಕಾಲದ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ತಿಳಿದೇ ಇದೆ: ಗುಡಿ-ಬಸದಿಗಳಿಗೆ ಬಿಟ್ಟ ದತ್ತಿಗಳಲ್ಲಿ ಮುಖ್ಯವಾದದ್ದು ಭೂಮಿ. ಇಂತಿಷ್ಟು ಮತ್ತರು ಎರೆ, ಅದರ ನಾಲ್ಕು ದಿಕ್ಕಿನ ಎಲ್ಲೆ ಇಂಥದು ಎಂದು ಕಲ್ಲಿನಲ್ಲಿ ಕೊರೆಯಿಸುತ್ತಿದ್ದರು. ಆ ಕಂಬಗಳ ನುಣುಪನ್ನು ನೋಡಿ ಬೆರಗಾಗುವವರು, ಅವನ್ನು ನಿಲ್ಲಿಸಿದ್ದು ಹೊರಗೆ ಕಾಣುವ ಈ ಕರಿಯ ಮಣ್ಣಿನ ಬೆಳೆಯೇ ಎಂಬದನ್ನೂ ನೆನೆಯಬೇಕು. ಗುಡಿಯನ್ನು ನೋಡಿದವರು ಹೊಲವನ್ನೂ ನೋಡಿದರೆ ಮಾತ್ರ ಇತಿಹಾಸದ ಎರಡು ಮುಖಗಳನ್ನೂ ನೋಡಿದಂತಾಗುತ್ತದೆ.

ಕಾರ್ತಿಕವು ಕಳೆಯುವ ಹೊತ್ತಿಗೆ ಹೋಗುವವರು ಶಿರಹಟ್ಟಿ ತಾಲೂಕಿನ ಮಾಗಡಿಯ ಕೆರೆಯನ್ನು ಮರೆಯಬಾರದು. ಮಧ್ಯ ಏಶಿಯದಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ಸಾವಿರಗಟ್ಟಲೆ ಇಳಿಯುತ್ತವೆ. ಹಗಲೆಲ್ಲ ಕೆರೆಯಲ್ಲಿದ್ದು, ಕತ್ತಲಾದ ಮೇಲೆ ಸುತ್ತಲಿನ ಶೇಂಗಾ-ಕಡಲೆಯ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ಈ ಕೆರೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆತಿದೆ. ಹಕ್ಕಿಗಳ ಸೊಬಗನ್ನು ನೋಡಲು ಊರೂರಿನವರು ಬರುತ್ತಾರೆ. ಅವುಗಳಿಗೆ ಉಣಿಸುವವನು ಮಾತ್ರ ಸುತ್ತಲಿನ ರೈತನು. ಚರಗದ ಪಾಲನ್ನು ಇಷ್ಟು ದೂರದ ಅತಿಥಿಗಳಿಗೂ ಸಲ್ಲಿಸುತ್ತಿರುವ ಆ ರೈತರ ಹೆಸರು ಯಾವ ಫಲಕದ ಮೇಲೂ ಇಲ್ಲ.

ನೋಡುವದಕ್ಕಿಂತ ಮಾಡುವದು ಮೇಲು

ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಹಸರು ಕಾಣುತ್ತದೆ. ಕೆಳಗಿಳಿದು ಕೈ ಹಚ್ಚಿದರೆ ಮಾತ್ರ ಬೆಳೆ ಕಾಣುತ್ತದೆ. ಶೇಂಗಾದ ಗಿಡವನ್ನೇ ನೋಡಿರಿ. ಹಳದಿಯ ಹೂವು ನೆಲದ ಮೇಲೆ ಅರಳುತ್ತದೆ. ಆ ಬಳಿಕ ಅದರ ಕೆಳಗಿನಿಂದ ಒಂದು ಎಳೆಯು ಹೊರಟು, ಬಾಗಿ, ಮಣ್ಣನ್ನು ಹೊಕ್ಕು, ಕತ್ತಲೆಯಲ್ಲಿ ಕಾಯಿಯಾಗುತ್ತದೆ. ನೆಲದಲ್ಲಿ ಹದವಿದ್ದಾಗ ಕಿತ್ತರೆ ಗೊಂಚಲು ಇಡಿಯಾಗಿ ಬರುತ್ತದೆ. ನೆಲ ಒಣಗಿತೆಂದರೆ ಕಾಯಿಗಳು ಹರಿದು ಮಣ್ಣಿನಲ್ಲಿಯೇ ಉಳಿಯುತ್ತವೆ. ಆ ಹದವು ನಾಲ್ಕಾರು ದಿನ ಮಾತ್ರ ನಿಲ್ಲುತ್ತದೆ. ಶಹರದಲ್ಲಿ ಹುರಿದ ಶೇಂಗಾವನ್ನು ಮುಕ್ಕುವ ಮಗುವು ಒಂದು ಗಿಡವನ್ನು ತನ್ನ ಕೈಯಿಂದ ಕಿತ್ತು, ಬೇರನ್ನು ಜಾಡಿಸಿ, ಹಸಿಯ ಕಾಯಿಯನ್ನು ಸುಲಿದು ತಿಂದರೆ, ಪುಸ್ತಕದ ಹತ್ತು ಪುಟಗಳಿಂದ ಆಗದ ವಿದ್ಯೆಯು ಅದಕ್ಕೆ ಒಂದು ತಾಸಿನಲ್ಲಿ ಆಗುತ್ತದೆ.

ಉಳ್ಳಾಗಡ್ಡಿಯ ಹೊಲದಲ್ಲಿ ಬೇರೆ ಪಾಠವುಂಟು. ಕಿತ್ತ ಗಡ್ಡೆಗಳನ್ನು ಹರವಿ ಬಾಡಿಸಿ, ಸಾಲಾಗಿ ಕುಳಿತ ಹೆಣ್ಣಾಳುಗಳು ಒಂದೊಂದರ ಸೊಪ್ಪನ್ನೂ ಬೇರನ್ನೂ ಕತ್ತರಿಸುತ್ತಾರೆ. ಬೆಳಗಿನಿಂದ ಸಂಜೆಯ ವರೆಗೆ ಕುಕ್ಕರಗಾಲಲ್ಲಿ ಕುಳಿತು ಮಾಡುವ ಕೆಲಸವದು. ಅವರ ಜೊತೆಗೆ ಅರ್ಧ ತಾಸು ಕುಳಿತು ನೋಡಿದವನು ಪೇಟೆಯಲ್ಲಿ ಒಂದು ರೂಪಾಯಿಗಾಗಿ ಜಗಳವಾಡುವ ಮೊದಲು ತುಸು ತಡೆಯುವನೆಂದು ನಾವು ನಂಬುತ್ತೇವೆ. ಸಜ್ಜೆಯ ತೆನೆ ಮುರಿಯುವದು, ಜೋಳದ ಸಿವುಡು ಕಟ್ಟುವದು, ಗೋವಿನಜೋಳದ ತೆನೆಯ ಸಿಪ್ಪೆ ಸುಲಿಯುವದು. ಇವುಗಳಲ್ಲಿ ಯಾವದನ್ನಾದರೂ ಹೊಲದ ಒಡೆಯನ ಅನುಮತಿಯಿಂದ ಮಾಡಿ ನೋಡಬಹುದು. ಹೊಸಬರ ಕೈಕೆಲಸದಿಂದ ರೈತನಿಗೆ ದೊಡ್ಡ ಲಾಭವೇನೂ ಆಗದು. ಲಾಭವಾಗುವದು ಹೊಸಬರಿಗೆ. ಇದನ್ನು ತಿಳಿದು ನಮ್ರತೆಯಿಂದ ಮಾಡಿದರೆ ಸಾಕು.

ಇನ್ನೂ ಆಳವಾಗಿ ತಿಳಿಯಬಯಸುವವರಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯವಿದೆ. 1947ರಲ್ಲಿ ಕೃಷಿ ಕಾಲೇಜಾಗಿ ತೊಡಗಿ 1986ರಲ್ಲಿ ವಿಶ್ವವಿದ್ಯಾಲಯವಾದ ಈ ಸಂಸ್ಥೆಯು ಸಾಮಾನ್ಯವಾಗಿ ಸಪ್ಟಂಬರ ತಿಂಗಳಲ್ಲಿ ಕೃಷಿಮೇಳವನ್ನು ನೆರವೇರಿಸುತ್ತದೆ. ಸುತ್ತಣ ಜಿಲ್ಲೆಗಳ ರೈತರು ಬೀಜ ಕೊಳ್ಳಲು, ಹೊಸ ಉಪಕರಣಗಳನ್ನು ನೋಡಲು, ತಮ್ಮ ಸಂಶಯಗಳನ್ನು ಕೇಳಲು ಅಲ್ಲಿ ನೆರೆಯುತ್ತಾರೆ. ಒಕ್ಕಲುತನವು ಕೇವಲ ಹಳೆಯ ಹಾಡಲ್ಲ, ಇಂದಿನ ವಿದ್ಯೆಯೂ ಅಹುದೆಂಬದು ಆ ಜನಸಂದಣಿಯಲ್ಲಿ ಮನದಟ್ಟಾಗುತ್ತದೆ.

ಕಣದಿಂದ ಸಡಕಿಗೆ

ಈ ಸಂದರ್ಭದಲ್ಲಿ ಒಂದು ವಿಷಾದದ ಸಂಗತಿಯನ್ನು ಹೇಳದೆ ಗತ್ಯಂತರವಿಲ್ಲ. ಸುಗ್ಗಿಯೆಂದೊಡನೆ ಹಿರಿಯರ ಕಣ್ಣಮುಂದೆ ನಿಲ್ಲುತ್ತಿದ್ದುದು ಕಣ. ನೆಲವನ್ನು ಕೆತ್ತಿ ಸಮ ಮಾಡಿ, ನೀರು ಹೊಡೆದು, ಎತ್ತುಗಳಿಂದ ತುಳಿಯಿಸಿ, ಸಗಣಿಯಿಂದ ಸಾರಿಸಿ ಅದನ್ನು ಅಂಗಳಕ್ಕಿಂತ ಚೊಕ್ಕಟವಾಗಿ ಮಾಡುತ್ತಿದ್ದರು. ನಡುವೆ ಮೇಟಿಯ ಕಂಬ. ಅದರ ಸುತ್ತ ಹಂತಿ ಕಟ್ಟಿದ ಎತ್ತುಗಳು. ಬೆಳುದಿಂಗಳಲ್ಲಿ ರಾತ್ರಿಯೆಲ್ಲ ಹಂತಿಯ ಹಾಡು. ಗಾಳಿ ಬೀಸಿದಾಗ ಎತ್ತರದಲ್ಲಿ ನಿಂತು ತೂರಿದರೆ ಹೊಟ್ಟು ಹಾರಿ ಕಾಳು ಬುಡಕ್ಕೆ ಬೀಳುತ್ತಿತ್ತು. ರಾಶಿಯನ್ನು ಪೂಜಿಸಿ ಅಳೆಯುವಾಗ ಮೊದಲನೆಯ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ವೆಂದು ಎಣಿಸುತ್ತಿದ್ದರು. ವರ್ಷದ ಕಾಳನ್ನು ಹಗೇವಿನಲ್ಲಿ, ಎಂದರೆ ನೆಲದೊಳಗೆ ತೋಡಿ ಹುಲ್ಲು ಹಾಸಿದ ಕಣಜದಲ್ಲಿ, ತುಂಬಿ ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಜೋಳವು ಅಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. 1876ರಿಂದ 1878ರ ವರೆಗಿನ ಮಹಾಕ್ಷಾಮದಂಥ ಬರಗಳನ್ನು ಕಂಡ ಜನರಿಗೆ ತುಂಬಿದ ಹಗೇವೆಂದರೆ ಜೀವದ ಹೊಣೆ.

ಇಂದು ಆ ಕಣವೆಲ್ಲಿ? ಎತ್ತುಗಳು ಕಡಿಮೆಯಾದವು, ಹಿಡುವಳಿಗಳು ಹಂಚಿ ಹೋಗಿ ಕಣಕ್ಕೆ ಬಿಡುವ ನೆಲವೂ ಕಿರಿದಾಯಿತು, ಆಳುಗಳು ಸಿಗದಾದರು. ರಾಶಿಯ ಯಂತ್ರವು ಬಂದುದರಿಂದ ಹತ್ತು ದಿನದ ಕೆಲಸವು ಒಂದು ದಿನದಲ್ಲಿ ಮುಗಿಯುತ್ತದೆ, ಇದು ಒಳಿತೇ. ಆದರೆ ಯಂತ್ರದ ಬಾಡಿಗೆ ಕೊಡಲಾಗದವನು, ಒಣಗಿಸಲು ಜಾಗವಿಲ್ಲದವನು ಏನು ಮಾಡಬೇಕು? ಅವನು ತನ್ನ ಪೈರನ್ನು ಡಾಂಬರಿನ ಸಡಕಿನ ಮೇಲೆ ಹರವುತ್ತಾನೆ. ಬಂದುಹೋಗುವ ಮೋಟಾರುಗಳೇ ಅವನ ಹಂತಿಯ ಎತ್ತುಗಳು. ಪ್ರವಾಸಕ್ಕೆ ಹೊರಟ ಶಹರವಾಸಿಯು ಹಾದಿಯಲ್ಲಿ ಹರವಿದ ತೆನೆಗಳನ್ನು ಕಂಡು ಸಿಡಿಮಿಡಿಗೊಳ್ಳುತ್ತಾನೆ. ಅಪಾಯವು ಸುಳ್ಳಲ್ಲ, ಹುಲ್ಲು ಗಾಲಿಗೆ ಸುತ್ತಿ ಬೆಂಕಿ ಹತ್ತುವದುಂಟು, ದ್ವಿಚಕ್ರದವರು ಜಾರಿ ಬೀಳುವದುಂಟು, ಕಾಳಿಗೆ ಧೂಳು-ಎಣ್ಣೆಗಳು ತಗಲುವದುಂಟು. ಆದರೆ ರೈತನನ್ನು ಬಯ್ಯುವದರಿಂದ ಇದು ತಪ್ಪದು. ಊರೂರಿಗೆ ಒಂದು ಸಾರ್ವಜನಿಕ ಒಕ್ಕಲು ಕಣವನ್ನು ಗ್ರಾಮ ಪಂಚಾಯತಿಗಳು ಕಟ್ಟಿಸಿಕೊಟ್ಟರೆ ತಪ್ಪೀತು. ಅಂಥ ಕಣಗಳು ಕೆಲವು ಊರುಗಳಲ್ಲಿ ಆಗಿವೆ. ಎಲ್ಲ ಊರುಗಳಲ್ಲಿಯೂ ಆಗಬೇಕು. ಇಷ್ಟು ಸಣ್ಣ ಬೇಡಿಕೆಯನ್ನು ಎತ್ತಿ ಹಿಡಿಯಲು ಶಹರದ ಓದಿದವರ ದನಿಯೂ ಕೂಡಬೇಕು.

ಸೊಬಗಿನ ಹಿಂದಿನ ಲೆಕ್ಕ

ಹಳೆಯದೆಲ್ಲವೂ ಹೊನ್ನಾಗಿತ್ತೆಂದು ನಾವು ಹೇಳುವದಿಲ್ಲ. ಅದೇ ಕಣದಲ್ಲಿ ಬಡಿಗ, ಕಮ್ಮಾರ, ಕುಂಬಾರ ಮುಂತಾದ ಆಯಗಾರರು ತಮ್ಮ ವರ್ಷದ ದುಡಿಮೆಯ ಪಾಲಿಗಾಗಿ ಕಾಯುತ್ತಿದ್ದರು. ಕಣದ ಅಂಚಿನಾಚೆ, ದೂರದಲ್ಲಿ ಸೆರಗೊಡ್ಡಿ ನಿಂತು, ಎಸೆದ ಕಾಳನ್ನು ಹಿಡಿಯಬೇಕಾಗಿದ್ದವರೂ ಇದ್ದರು. ಹೊಲದಲ್ಲಿ ಎಲ್ಲರಿಗಿಂತ ಹೆಚ್ಚು ಬೆವರು ಸುರಿಸಿದವರು ಅವರೇ. ಇಲಿಗೂ ಹಕ್ಕಿಗೂ ಪಾಲು ಕೊಟ್ಟ ಸಮಾಜವು ಮನುಷ್ಯನನ್ನು ದೂರ ನಿಲ್ಲಿಸಿತ್ತೆಂಬದನ್ನು ಮರೆತು ಕಣದ ಹಾಡನ್ನು ಹೊಗಳುವದು ಪ್ರಾಮಾಣಿಕತೆಯಲ್ಲ. ಇಂದಿಗೂ ಹೆಣ್ಣಾಳಿನ ಕೂಲಿಯು ಗಂಡಾಳಿನ ಕೂಲಿಗಿಂತ ಕಡಿಮೆಯಾಗಿರುವದನ್ನು ಹೊಲಹೊಲಗಳಲ್ಲಿ ಕಾಣುತ್ತೇವೆ. ಸಮಾನ ವೇತನದ ಕಾಯದೆಯು 1976ರಲ್ಲಿಯೇ ಆಗಿದೆಯಷ್ಟೆ! ಚರಗದ ಧರ್ಮವನ್ನು ಪೂರ್ಣವಾಗಿ ಪಾಲಿಸಬೇಕಾದರೆ ಮೊದಲ ಪಾಲು ದುಡಿದ ಕೈಗೆ ಸಲ್ಲಬೇಕು.

ಇನ್ನು ರೈತನ ಲೆಕ್ಕ. ಸುಗ್ಗಿಯ ದಿನವೇ ಅವನ ಸರಕಿನ ಬೆಲೆ ಇಳಿಯುವ ದಿನ. ಎಲ್ಲರ ಮಾಲೂ ಒಮ್ಮೆಗೇ ಪೇಟೆಗೆ ಬರುತ್ತದೆ; ಸಾಲದವನು ಬಾಗಿಲಲ್ಲಿ ನಿಂತಿರುತ್ತಾನೆ; ಕಾದು ಮಾರುವ ಕಸುವು ರೈತನಿಗಿಲ್ಲ. ಉಳ್ಳಾಗಡ್ಡಿಯಂಥ ಬೆಳೆಗಂತೂ ಜೋಳ-ಗೋಧಿಗಳಿಗಿರುವ ಕೇಂದ್ರ ಸರಕಾರದ ಬೆಂಬಲ ಬೆಲೆಯೂ ಇಲ್ಲ. ಕಿತ್ತ ಮೇಲೆ ಎರಡು ಮಳೆ ಬಿದ್ದರೆ ಹೊಲದಲ್ಲಿಯೇ ಕೊಳೆಯುತ್ತದೆ. 2019ರ ಅಗಸ್ಟದಲ್ಲಿ ಮಲಪ್ರಭೆಯ ನೆರೆಯು ದಂಡೆಯ ಊರುಗಳನ್ನು ಮುಳುಗಿಸಿತು. ನಾಲ್ಕು ವರ್ಷಗಳ ಮೇಲೆ, 2023ರಲ್ಲಿ, ಮಳೆಯು ಕೈಕೊಟ್ಟು ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಒಮ್ಮೆ ನೀರು ಹೆಚ್ಚಾಗಿ, ಒಮ್ಮೆ ನೀರಿಲ್ಲದೆ ಬೆಳೆ ಹೋದ ಮೇಲೂ ಮರುವರ್ಷ ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆಯುವ ಹೆಣ್ಣುಮಗಳ ಧೈರ್ಯವನ್ನು ಏನೆನ್ನೋಣ! ನಾವು ಬದುವಿನ ಮೇಲೆ ನಿಂತು ಮೆಚ್ಚುವ ಹಸರಿನ ಹಿಂದೆ ಇಷ್ಟೆಲ್ಲ ಲೆಕ್ಕವಿದೆ. ಇದನ್ನು ಅರಿಯದ ಪ್ರವಾಸವು ಅರೆ ಪ್ರವಾಸ.

ಹೋಗುವ ರೀತಿ

ಹಾಗಾದರೆ ಹೇಗೆ ಹೋಗಬೇಕು? ನಾಲ್ಕು ಮಾತುಗಳಲ್ಲಿ ಹೇಳುತ್ತೇವೆ.

ಮೊದಲನೆಯದಾಗಿ, ಕರೆಯಿಸಿಕೊಂಡು ಹೋಗಬೇಕು. ಶಹರದ ಬಹುತೇಕ ಮನೆತನಗಳಿಗೆ ಹಳ್ಳಿಯ ಸಂಬಂಧವು ಒಂದಿಲ್ಲೊಂದು ಬಗೆಯಿಂದ ಇದ್ದೇ ಇರುತ್ತದೆ. ಆ ಹಳೆಯ ನಂಟನ್ನು ಮತ್ತೆ ಹಚ್ಚಿಕೊಳ್ಳಲು ಸೀಗಿ ಹುಣ್ಣಿಮೆಗಿಂತ ಒಳ್ಳೆಯ ನೆಪವಿಲ್ಲ. ನಂಟಿಲ್ಲದವರು ಹೊಲದೊಡೆಯನನ್ನು ಕೇಳಿ ಒಳಗಡಿಯಿಡಬೇಕು. ಬೆಳೆಯ ಸಾಲನ್ನು ತುಳಿಯದೆ ಬದುವಿನ ಮೇಲೆ ನಡೆಯಬೇಕು. ಕಾಲ್ಮೆಟ್ಟನ್ನು ಕಳಚಿಟ್ಟು ರಾಶಿಯ ಬಳಿಗೆ ಹೋಗಬೇಕು.

ಎರಡನೆಯದಾಗಿ, ಬುತ್ತಿಯನ್ನು ಕಟ್ಟಿಕೊಂಡು ಹೋಗಬೇಕು. ಉಣ್ಣುವಾಗ ಅಲ್ಲಿ ದುಡಿಯುವವರನ್ನೂ ಕರೆದು ಒಂದೇ ಸಾಲಿನಲ್ಲಿ ಕೂಡ್ರಬೇಕು. ಹೊಲದ ಊಟಕ್ಕೆ ಪಂಕ್ತಿಭೇದವಿರಬಾರದು. ಒಯ್ದ ಕಾಗದ-ಪ್ಲಾಸ್ಟಿಕುಗಳನ್ನು ಮರಳಿ ತರಬೇಕೆಂದು ಬೇರೆ ಹೇಳಬೇಕೆ? ದನದ ಹೊಟ್ಟೆ ಸೇರಿದ ಒಂದು ಪ್ಲಾಸ್ಟಿಕಿನ ಚೀಲವು ರೈತನ ಜೀವನಾಧಾರವನ್ನೇ ಕೊಲ್ಲಬಲ್ಲದು.

ಮೂರನೆಯದಾಗಿ, ಬರಿಗೈಯಿಂದ ಮರಳಬಾರದು, ಬಿಟ್ಟಿಯಾಗಿಯೂ ತರಬಾರದು. ತೆನೆಯೊಂದನ್ನು ಮುರಿದರೂ ಕೇಳಿ ಮುರಿಯಬೇಕು. ಮನೆಗೆ ವರ್ಷಕ್ಕೆ ಬೇಕಾಗುವ ಜೋಳ, ಬೇಳೆ, ಉಳ್ಳಾಗಡ್ಡಿಗಳಲ್ಲಿ ಕೆಲವನ್ನಾದರೂ ಬೆಳೆದವನಿಂದಲೇ, ಪೇಟೆಯಲ್ಲಿ ನಾವು ಕೊಡುವ ಬೆಲೆಗೇ ಕೊಳ್ಳಬೇಕು. ಅದರಿಂದ ಅವನ ಕೈಗೆ ನಾಲ್ಕು ಕಾಸು ಹೆಚ್ಚು ಸೇರುತ್ತದೆ. ನಮ್ಮ ಮನೆಯ ರೊಟ್ಟಿಗೆ ಒಂದು ಊರಿನ, ಒಬ್ಬ ಮನುಷ್ಯನ ಹೆಸರು ಬರುತ್ತದೆ. 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಂಯುಕ್ತ ರಾಷ್ಟ್ರ ಸಂಸ್ಥೆಯು ಆಚರಿಸಿತು. ಭಾಷಣಗಳು ಬಹಳವಾದವು. ನಮ್ಮ ಹೊಲದ ಸಜ್ಜೆ-ನವಣೆಗಳನ್ನು ಉಳಿಸುವದು ಭಾಷಣವಲ್ಲ, ಅವನ್ನು ಕೊಂಡು ಉಣ್ಣುವ ಮನೆಗಳು.

ನಾಲ್ಕನೆಯದಾಗಿ, ಮಕ್ಕಳನ್ನು ಕರೆದೊಯ್ಯಬೇಕು. ಶಾಲೆಗಳು ವರ್ಷಕ್ಕೊಮ್ಮೆ ದೂರದ ಊರುಗಳಿಗೆ ಪ್ರವಾಸವನ್ನು ಒಯ್ಯುತ್ತವೆ. ಅದರ ಜೊತೆಗೆ ಶರತ್ಕಾಲದಲ್ಲಿ ಒಂದು ದಿನವನ್ನು ಹತ್ತಿರದ ಹೊಲಕ್ಕಾಗಿ ತೆಗೆದಿಡಲೇಕೆ ಬಾರದು? ಮುಂಗಾರಿ-ಹಿಂಗಾರಿಗಳೆಂದರೇನು, ಎರೆ-ಮಸಾರಿಗಳೆಂದರೇನು, ಕೂರಿಗೆಯ ತಾಳುಗಳೆಷ್ಟು, ಈ ಜೋಳವನ್ನು ಬೆಳೆಯಲು ಎಷ್ಟು ದಿನ ಬೇಕು, ಮಾರಿದರೆ ಎಷ್ಟು ಸಿಕ್ಕಿತು ಎಂದು ಮಕ್ಕಳು ರೈತನನ್ನೇ ಕೇಳಲಿ. ಅವನೇ ಅಂದಿನ ಗುರುವಾಗಲಿ. ಹಳ್ಳಿಯ ಮಗುವಿಗೂ ಇದರಿಂದ ಒಂದು ಲಾಭವುಂಟು: ತನ್ನ ತಂದೆಯ ಬಳಿಗೆ ಶಹರದವರು ಕಲಿಯಲು ಬಂದುದನ್ನು ಕಂಡಾಗ ಅದು ಒಕ್ಕಲುತನವನ್ನು ಕೀಳೆಂದು ತಿಳಿಯಲಾರದು. ಹಳ್ಳಿಯನ್ನು ಬರಿದು ಮಾಡುತ್ತಿರುವದು ಬಡತನವೊಂದೇ ಅಲ್ಲ; ಈ ಕೆಲಸಕ್ಕೆ ಮರ್ಯಾದೆಯಿಲ್ಲವೆಂಬ ಭಾವನೆಯೂ ಅಷ್ಟೇ ಕಾರಣವಾಗಿದೆ.

ಶಹರ ಮತ್ತು ಹಳ್ಳಿಗಳು ಒಂದೇ ದೇಹದ ಎರಡು ಅಂಗಗಳೆಂದು ವೇದಿಕೆಗಳ ಮೇಲಿಂದ ಬಹುಕಾಲ ಕೇಳಿದ್ದೇವೆ. ಆ ಮಾತನ್ನು ನಡತೆಗೆ ತರಲು ದೊಡ್ಡ ಯೋಜನೆಗಳಿಗಾಗಿ ಕಾಯಬೇಕಾಗಿಲ್ಲ. ಒಂದು ಹುಣ್ಣಿಮೆಯ ದಿನ, ಒಂದು ಬುಟ್ಟಿ ಬುತ್ತಿ, ಒಂದು ಹೊಲ ಸಾಕು. ಅಲ್ಲಿ ಮೊದಲು ಕೊಟ್ಟು ಆಮೇಲೆ ಉಂಡು ಬಂದವನು, ಮನೆಯ ತಟ್ಟೆಯ ಮುಂದೆ ಕುಳಿತಾಗಲೂ ಉಣ್ಣುವ ಮುಂಚೆ ಒಂದು ಗಳಿಗೆ ನಿಲ್ಲುವನು. ಆ ಒಂದು ಗಳಿಗೆಯಲ್ಲಿ ನೆನಪಾಗುವ ಮುಖಗಳು ಹೆಚ್ಚಾದಷ್ಟೂ ನಾಡಿಗೆ ಒಳ್ಳೆಯದು.